ಮಾರೇಶನ ಬಂದೂಕಿಗೆ ಬೆಲೆ ಕಟ್ಟಿದ ದಿನ

ನನ್ನ ಮಗ ಮಾರೇಶನ ಪ್ರಾಣ ತೆಗೆದ ಬಂದೂಕನ್ನು ಮಾರುವುದಕ್ಕೆ ನಾನೂ ಸೊಸೆ ಸಂಧ್ಯಾಳೂ ರಾಯದುರ್ಗದಿಂದ ಮಡಕಶಿರಕ್ಕೆ ಹೋದೆವು. ಅವನು ಹೋಗಿ ಹತ್ತು ತಿಂಗಳ ಮೇಲಾಗಿತ್ತು. ಮಹಾಲಯ ಅಮಾವಾಸ್ಯೆಗೆ ಇನ್ನೂ ಇಪ್ಪತ್ತು ದಿನ ಇತ್ತು.

ಮಾರೇಶ ಹದಿನೇಳು ವರ್ಷ ಸೈನ್ಯದಲ್ಲಿದ್ದು ಊರಿಗೆ ಬಂದವನು. ಬಂದ ವರ್ಷವೇ ಲೈಸೆನ್ಸ್ ಮಾಡಿಸಿ, ಎಪ್ಪತ್ತೆರಡು ಸಾವಿರ ಕೊಟ್ಟು ಪಂಪ್ ಆಕ್ಷನ್ ಬಂದೂಕು ಕೊಂಡ. ಅದರ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ. ಅದರೊಳಗೆ ತೋಟಾಗಳು ಒಂದರ ಹಿಂದೊಂದು ನಿಲ್ಲುತ್ತವೆ. ಕೈಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ನೂಕಿದರೆ ಒಂದು ತೋಟಾ ನಳಿಗೆಗೆ ಏರುತ್ತದೆ. ಮತ್ತೊಮ್ಮೆ ಎಳೆದರೆ ಅದು ಹೊರಗೆ ಬಿದ್ದು ಮುಂದಿನದು ಏರುತ್ತದೆ. ಸ್ವಂತ ಬಂದೂಕು ಇದ್ದವನಿಗೆ ಬ್ಯಾಂಕಿನಲ್ಲಿ ಕಾವಲಿನ ಕೆಲಸ ಬೇಗ ಸಿಗುತ್ತದೆ, ಸಂಬಳವೂ ಹೆಚ್ಚು. ಅವನಿಗೂ ಸಿಕ್ಕಿತು.

ಕಳೆದ ಮಹಾನವಮಿ ಆಗಿ ಹನ್ನೆರಡನೆಯ ದಿನ, ದೀಪ ಹಚ್ಚುವ ಹೊತ್ತಿಗೆ ಅವನು ಕೆಲಸದಿಂದ ಬಂದ. ಬರುವ ಶನಿವಾರ ಮನೆಮಂದಿಯೆಲ್ಲ ಮುರಡಿ ಆಂಜನೇಯನ ದರ್ಶನಕ್ಕೆ ಹೋಗಬೇಕೆಂದು ನಾನು ಹೇಳಿಟ್ಟಿದ್ದೆ. ರಜೆ ಸಿಗಲಿಲ್ಲ ಎಂದ.

"ಹದಿನೇಳು ವರ್ಷ ದೇಶ ಕಾದೋನು ಈಗ ಬ್ಯಾಂಕಿನ ಬಾಗಿಲಾಗ ನಾಯಿ ಹಂಗ ಕುಂತೀದಿ. ದೇವರ ಹತ್ರ ಹೋಗಾಕ ಆ ನಾಯಿಗೆ ರಜಾನೂ ಇಲ್ಲ" ಎಂದೆ.

ಅವನು ಎದುರಾಡಲಿಲ್ಲ. ಬಂದೂಕು ಹಿಡಿದು ಒಳಕೋಣೆಗೆ ಹೋದ. ಕೈಹಿಡಿ ಎಳೆಯುವ ಸದ್ದು ಕೇಳಿಸಿತು. ಅದು ದಿನವೂ ಕೇಳುವ ಸದ್ದೇ. ನಾನು ಜಗಲಿಯ ಮೇಲೆ ಕುಳಿತು ಇನ್ನೂ ಗೊಣಗುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಂದೂಕು ಸಿಡಿಯಿತು. ಗುಂಡು ಗದ್ದದ ಕೆಳಗಿನಿಂದ ಹೊಕ್ಕಿತ್ತು.

ಪಂಚನಾಮೆ ಬರೆಯುವವರಿಗೆ ನಾನೇ ಹೇಳಿದೆ: ಹೀಗೆ ಬೈದೆ, ಹೀಗೆ ಒಳಗೆ ಹೋದ, ಹೀಗಾಯಿತು. ಅವರು ನನ್ನ ಮಾತನ್ನೇ ಬರೆದುಕೊಂಡರು. ತಂದೆ ಬೈದದ್ದಕ್ಕೆ ಮನನೊಂದು ತಾನೇ ಹೊಡೆದುಕೊಂಡ ಎಂದಾಯಿತು. ನನಗೂ ಅದರಲ್ಲಿ ಸಂಶಯವಿರಲಿಲ್ಲ. ಭಗವಂತ ಕೊಟ್ಟ ಜೀವವನ್ನು ತಾನೇ ತೆಗೆದುಕೊಂಡವನಿಗೆ ಹಿರಿಯರ ಸಾಲಿನಲ್ಲಿ ಎಡೆ ಇಡುವ ಪದ್ಧತಿ ನಮ್ಮ ಕುಲದಲ್ಲಿ ಇಲ್ಲ. ದೊಡ್ಡವರು ಮನೆಗೆ ಬಂದು ಅದನ್ನು ಹೇಳಿ ಹೋದರು. ಮಹಾಲಯ ಅಮಾವಾಸ್ಯೆಗೆ ನನ್ನ ಅಪ್ಪನಿಗೆ, ಅಜ್ಜನಿಗೆ, ಸತ್ತ ತಮ್ಮನಿಗೆ ಎಡೆ, ಮಾರೇಶನಿಗಿಲ್ಲ. ನನ್ನ ಹೆಂಡತಿ ಉಜ್ಜಿನಮ್ಮ ಅಂದಿನಿಂದ ನನ್ನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಊಟಕ್ಕೆ ಕರೆಯುವಳು, ಅಷ್ಟೆ.

ಸಂಧ್ಯಾ ಮಾತ್ರ ಒಮ್ಮೆ, ಬಟ್ಟೆ ಒಗೆಯುತ್ತ, ನನ್ನ ಮುಖ ನೋಡದೆ ಕೇಳಿದ್ದಳು. "ಬೈದಿದ್ದು ನೀವು. ನನ್ನ ಯಾಕ ಬಿಟ್ಟು ಹೋದ್ರು ಮಾವಾ? ನನಗ ಒಂದು ಮಾತು ಹೇಳಿ ಹೋಗಬೇಕಂತ ಅನಸಲಿಲ್ಲೇನು?"



ಕೇಸು ಮುಗಿದ ಮೇಲೆ ಬಂದೂಕನ್ನು ಮನೆಗೆ ತರುವಂತಿರಲಿಲ್ಲ. ನಮ್ಮಲ್ಲಿ ಯಾರಿಗೂ ಲೈಸೆನ್ಸ್ ಇಲ್ಲ. ಮಡಕಶಿರದ ಬೊಮ್ಮಪ್ಪನೆಂಬವನಿಗೆ ಬಂದೂಕು ರಿಪೇರಿ ಮಾಡುವ, ಠೇವಣಿ ಇಟ್ಟುಕೊಳ್ಳುವ ಪರವಾನಗಿ ಇತ್ತು. ಸೀಲು ಹಾಕಿದ ಹಾಗೆಯೇ ಅವನ ಅಂಗಡಿಗೆ ಹೋಯಿತು. ಕೊಳ್ಳಲು ಗಿರಾಕಿಯನ್ನೂ ಅವನೇ ಹುಡುಕಿದ. ಆದಿನಾರಾಯಣ ಎಂದು, ಮಾರೇಶನ ಹಾಗೆಯೇ ಸೈನ್ಯದಿಂದ ಬಂದವನು. ಎಟಿಎಮ್‌ಗೆ ಹಣ ಒಯ್ಯುವ ವ್ಯಾನಿನಲ್ಲಿ ಕೆಲಸ ಸಿಗುವುದರಲ್ಲಿತ್ತು, ಸ್ವಂತ ಬಂದೂಕು ತಂದರೆ ಮಾತ್ರ.

ಸಂಧ್ಯಾ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ. ಬಾಡಿಗೆ ಮೆಷಿನ್ನು. ಬಂದೂಕಿನ ಹಣದಲ್ಲಿ ಸ್ವಂತದ್ದೊಂದು ಪವರ್ ಮೆಷಿನ್ನು ಕೊಳ್ಳಬೇಕೆಂದು ಅವಳ ಲೆಕ್ಕ. "ನಲವತ್ತಕ್ಕ ಕಡಿಮಿ ಒಪ್ಪಬ್ಯಾಡ್ರಿ ಮಾವಾ" ಎಂದು ಬಸ್ಸಿನಲ್ಲಿ ಎರಡು ಸಲ ಹೇಳಿದಳು. ಪಾವಗಡದಲ್ಲಿ ಬಸ್ಸು ಬದಲಿಸಿ, ಹತ್ತೂವರೆಗೆ ಮಡಕಶಿರದಲ್ಲಿ ಇಳಿದೆವು.

ಬೊಮ್ಮಪ್ಪನ ಅಂಗಡಿ ಬೆಟ್ಟದ ಕಡೆಗೆ ಹೋಗುವ ಬೀದಿಯಲ್ಲಿ, ರೇಷ್ಮೆಗೂಡು ಕೊಳ್ಳುವವರ ಮಳಿಗೆಯ ಪಕ್ಕದಲ್ಲಿತ್ತು. ಕಬ್ಬಿಣದ ಜಾಲರಿ ಬಾಗಿಲು. ಒಳಗೆ ಗೋಡೆಗೆ ಸರಪಳಿ ಹಾಕಿ ಬಿಗಿದ ಏಳೆಂಟು ಬಂದೂಕುಗಳು. ಬೊಮ್ಮಪ್ಪನಿಗೆ ನನ್ನದೇ ವಯಸ್ಸು. ಕನ್ನಡಕದ ಒಂದು ಕಿವಿಯ ಕಡ್ಡಿಗೆ ದಾರ ಸುತ್ತಿದ್ದ. ಆದಿನಾರಾಯಣ ಮೊದಲೇ ಬಂದು ಸ್ಟೂಲಿನ ಮೇಲೆ ಕುಳಿತಿದ್ದ. ನಲವತ್ತೆರಡು ನಲವತ್ತಮೂರರ ಗಂಡಸು, ಕೂದಲು ಇನ್ನೂ ಸೈನ್ಯದ ಕಟಿಂಗು. ನಮ್ಮನ್ನು ಕಂಡು ಎದ್ದು ನಿಂತ.

"ಬನ್ನಿ ಸಂಜೀವಣ್ಣ, ಕುಂತ್ಕಳಿ. ಬಾರಮ್ಮಯ್ಯ" ಎಂದ ಬೊಮ್ಮಪ್ಪ. "ಕಾಪಿ ಕುಡೀತೀರಾ? ಮೊದ್ಲೇ ಹೇಳ್ಬಿಡ್ತೀನಿ, ನಮ್ಮಪ್ಪ ಕುರಿ ಸಂತೆಲಿ ದಳ್ಳಾಳಿ ಇದ್ದ. ನನ್ ಅಂಗಡೀಲೂ ಅದೇ ಪದ್ಧತಿ. ಬೆಲೆ ಬಾಯಲ್ಲಿ ಹೇಳಂಗಿಲ್ಲ. ಟವೆಲ್ ಕೆಳಗೆ ಬೆರಳು ಹಿಡೀಬೇಕು. ಬೆರಳಿಗೆ ಹತ್ತು ಸಾವ್ರ. ಅವರ ಮನಸ್ಸು ಇವರಿಗೆ ಗೊತ್ತಾಗಲ್ಲ, ಇವರದ್ದು ಅವರಿಗೆ ಗೊತ್ತಾಗಲ್ಲ. ಕೊನೆಗೆ ನಾನೊಂದು ಹೇಳ್ತೀನಿ, ಇಬ್ರೂ ತುಟಿ ಪಿಟಕ್ ಅನ್ನಂಗಿಲ್ಲ."

"ಇವ್ನು ಬಂದೂಕಿನ ಡಾಕ್ಟ್ರಾ, ಕುರಿ ದಳ್ಳಾಳಿನಾ ಅಂತ ನಮಗೇ ಇನ್ನೂ ಗೊತ್ತಾಗಿಲ್ಲ ಯಜಮಾನ್ರೆ" ಎಂದ ಆದಿನಾರಾಯಣ ನನ್ನ ಕಡೆ ತಿರುಗಿ.

"ಎರಡ್ರದ್ದೂ ಬಾಯಿ ತೆಗೆದೇ ವಯಸ್ಸು ನೋಡೋದು ಕಣಯ್ಯಾ. ಕೈ ಕೊಡು."

ಬೊಮ್ಮಪ್ಪ ಹೆಗಲ ಮೇಲಿನ ಕೆಂಪು ಚೌಕದ ಟವೆಲನ್ನು ಅವನ ಕೈಮೇಲೆ ಹಾಸಿ, ಕೆಳಗೆ ತನ್ನ ಕೈ ಹಾಕಿದ. ಕ್ಷಣದಲ್ಲಿ ಹುಬ್ಬು ಗಂಟಿಕ್ಕಿದ.

"ಥೂ, ಇಷ್ಟೇನಾ? ಮಿಲ್ಟ್ರಿಯೋನು ಅಂತೀಯ!"

"ಅಲ್ಲ ಬೊಮ್ಮಪ್ಪಣ್ಣ..." ಆದಿನಾರಾಯಣ ತಡವರಿಸಿದ. ಸಂಧ್ಯಾಳ ಕಡೆ ನೋಡಿ ತಲೆ ತಗ್ಗಿಸಿದ. "ಅಕ್ಕಯ್ಯ ತಪ್ಪು ತಿಳ್ಕಬಾರ್ದು. ಬಂದೂಕು ಚೆಂದಾಗಿರಬೈದು. ಆದ್ರೆ ಮನುಷ್ಯ ತನಗೆ ತಾನೇ ಹೊಡ್ಕಂಡಿರೋದು. ಮನೇಲಿ ನನ್ನೆಂಡ್ತಿ ಮಂಜುಳ ಬ್ಯಾಡ್ವೇ ಬ್ಯಾಡ ಅಂತಾವ್ಳೆ. ಅಂಥದ್ದು ಒಬ್ಬನ ಜೊತೆ ನಿಲ್ಲಲ್ಲ ಅಂತಾಳೆ. ಅದಕ್ಕೆ ಕಡಿಮೆ."

ಸಂಧ್ಯಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ.

ಆಮೇಲೆ ಟವೆಲು ನನ್ನ ಕೈಮೇಲೆ ಬಂತು. ಅದರ ಕೆಳಗೆ ಬೊಮ್ಮಪ್ಪನ ಒರಟು ಬೆರಳು ನನ್ನ ಬೆರಳನ್ನು ಹುಡುಕಿತು. ನಾನು ಮುಷ್ಟಿ ಬಿಚ್ಚಲಿಲ್ಲ. ಎಷ್ಟು ಬೆರಳು ಬಿಚ್ಚಲಿ? ನನ್ನ ಮಗನನ್ನು ಕೊಂದದ್ದು ನನ್ನ ನಾಲಿಗೆ. ಬಂದೂಕು ಬರೀ ನೆಪ. ಅದಕ್ಕೆ ಬೆಲೆ ಹೇಳುವ ಬಾಯಿಯೂ ಬೆರಳೂ ನನಗೆ ಎಲ್ಲಿಂದ ಬರಬೇಕು?

"ಇದೇನಣ್ಣ, ಮುಷ್ಟಿ ಹಿಡಿದ್ರೆ ಬೆಲೆ ಹೆಂಗಾಯ್ತದೆ?"

ಆಗ ಸಂಧ್ಯಾ ಎದ್ದು ಬಂದು, ನನ್ನ ಕೈಯನ್ನು ಮೆಲ್ಲಗೆ ಸರಿಸಿ, ತಾನೇ ಟವೆಲಿನ ಕೆಳಗೆ ಕೈ ಹಾಕಿದಳು. ಹೆಂಗಸರು ಟವೆಲಿನ ಕೆಳಗೆ ಕೈ ಹಾಕಿದ್ದನ್ನು ನಾನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ಬೊಮ್ಮಪ್ಪನೂ ಕಂಡಿರಲಿಕ್ಕಿಲ್ಲ. ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿ, "ಆಯ್ತು ತಾಯಿ, ಗೊತ್ತಾಯ್ತು" ಎಂದ.

ಗೋಣಿಯ ಹೊಲಿಗೆ ಬಿಚ್ಚಿ ಬಂದೂಕನ್ನು ಹೊರಗೆ ತೆಗೆದಾಗ ನಾನು ಬೀದಿಯ ಕಡೆ ಮುಖ ಮಾಡಿದೆ. ಆದರೂ ಸದ್ದು ಕೇಳಿಸುತ್ತಿತ್ತು. ಬೊಮ್ಮಪ್ಪ ತನ್ನಷ್ಟಕ್ಕೆ ಮಾತಾಡುತ್ತ ಕೆಲಸ ಮಾಡುವವನು. ಲೈಸೆನ್ಸಿನ ನಂಬರನ್ನೂ ಬಂದೂಕಿನ ನಂಬರನ್ನೂ ಹೋಲಿಸಿ ಓದಿದ. ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, "ಕನ್ನಡಿ, ಕನ್ನಡಿ ಇದ್ದಂಗೈತೆ, ಬಾಯತ್ರ ಒಂದೀಟು ಮಸಿ, ಅದು ಹೋಯ್ತದೆ" ಎಂದ. ಉಗುರಿನಿಂದ ಕೆರೆದು ನೋಡಿದ. ನಳಿಗೆಯನ್ನು ಮತ್ತೆ ಜೋಡಿಸಿ, ಹಿಂಬದಿಯ ಮರಕ್ಕೆ ಬೆರಳ ಗೆಣ್ಣಿನಿಂದ ಬಡಿದು ಬಿರುಕಿಲ್ಲವೆಂದ.

"ನಿಮ್ಮುಡುಗ ಚೆನ್ನಾಗಿ ಮಡಗಿದ್ದ ಕಣಣ್ಣ. ಒಂದು ಚುಕ್ಕೆ ತುಕ್ಕಿಲ್ಲ. ಆದಿನಾರಾಯಣ, ನೋಡ್ಕ."

ಕೈಹಿಡಿಯನ್ನು ಎಳೆದ. ಆ ಸದ್ದಿಗೆ ಸಂಧ್ಯಾ ಕಣ್ಣು ಮುಚ್ಚಿಕೊಂಡಳು. ಬೊಮ್ಮಪ್ಪ ಇನ್ನೊಮ್ಮೆ ಎಳೆದು, ತೋಟಾ ತುಂಬುವ ಕೆಳಗಿನ ಬಾಯಿಗೆ ಬೆರಳು ಹಾಕಿದವನು ಅಲ್ಲಿಗೇ ಮಾತು ನಿಲ್ಲಿಸಿದ.

ಅವನು ಮಾತು ನಿಲ್ಲಿಸಿದ್ದರಿಂದಲೇ ನಾನು ತಿರುಗಿ ನೋಡಿದ್ದು.

ಬೆರಳನ್ನು ಮೂಗಿಗೆ ಹಿಡಿದಿದ್ದ. ಬೆರಳ ತುದಿ ಕಂದುಗೆಂಪಾಗಿತ್ತು. "ಇದು ಬಂದೂಕಿನೆಣ್ಣೆ ಅಲ್ಲ. ಕಳ್ಳೆಕಾಯೆಣ್ಣೆ" ಎಂದ. ಪೆಟ್ಟಿಗೆಯಿಂದ ಮದ್ದಿಲ್ಲದ ಮೂರು ತೋಟಾ ತೆಗೆದ. ಬಂದೂಕು ಪರೀಕ್ಷೆ ಮಾಡುವುದಕ್ಕೆಂದೇ ಇಟ್ಟುಕೊಂಡಿದ್ದ ಪೊಳ್ಳು ತೋಟಾಗಳು. ಮೂರನ್ನೂ ಕೆಳಗಿನ ಬಾಯಿಂದ ಕೊಳವೆಯೊಳಗೆ ಒತ್ತಿದ. ಎಳೆದ, ನೂಕಿದ, ಎಳೆದಾಗ ಒಂದು ಹೊರಗೆ ಬಿತ್ತು. ಮತ್ತೆ ನೂಕಿ ಎಳೆದ, ಎರಡನೆಯದು ಬಿತ್ತು. ಮತ್ತೆ ಎಳೆದ. ಏನೂ ಬೀಳಲಿಲ್ಲ. ಇನ್ನೊಮ್ಮೆ ಎಳೆದ. ಏನೂ ಇಲ್ಲ.

"ಖಾಲಿ" ಎಂದ ಆದಿನಾರಾಯಣ, ಲೆಕ್ಕವಿಡದೆ. ಮರುಕ್ಷಣವೇ, "ಮೂರಲ್ವಾ ಹಾಕಿದ್ದು?" ಎಂದು ಮುಂದೆ ಬಾಗಿದ.

"ಮೂರು. ಒಂದು ಒಳಗೇ ಕಚ್ಕಂಡೈತೆ." ಬೊಮ್ಮಪ್ಪ ನನ್ನ ಕಡೆ ತಿರುಗಿದ. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡ. ಅವತ್ತು ಬೇರೆ ತೋಟಾ ಎಲ್ಲಿದ್ವು? ಬಂದೂಕಿನಾಗೇ ಇದ್ವಾ?"

ನಾನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಸಂಧ್ಯಾ ಹೇಳಿದಳು. "ಮಂಚದ ಮ್ಯಾಲೆ ಇದ್ವು ರೀ. ಎರಡು. ಟವಲ್ ಹಾಸಿ ಅದರ ಮ್ಯಾಲೆ ಸಾಲಾಗಿ ಇಟ್ಟಿದ್ರು. ದಿನಾ ಬಂದ ಕೂಡ್ಲೆ ಹಂಗ ತಗದು ಇಡ್ತಿದ್ರು."

"ಬ್ಯಾಂಕಲ್ಲಿ ಎಷ್ಟು ತುಂಬ್ತಿದ್ದ?"

"ಒಮ್ಮೆ ಎರಡು, ಒಮ್ಮೆ ಮೂರು. ಮ್ಯಾನೇಜರು ಹೇಳಿದಂಗ."

ಬೊಮ್ಮಪ್ಪ ಎದ್ದು ನಿಂತ. ಬಂದೂಕಿನ ಹಿಂಬದಿಯನ್ನು ನೆಲಕ್ಕೆ ಊರಿದ. ಮೆಲ್ಲಗೇ ಊರಿದರೂ ಕಲ್ಲುಚಪ್ಪಡಿಗೆ ತಾಗಿ ಟಕ್ಕೆಂದಿತು. ಅದರ ಹಿಂದೆಯೇ ಬಂದೂಕಿನೊಳಗೆ ಏನೋ ಜಾರಿದ ಸಣ್ಣ ಸದ್ದು. ನಾಲ್ವರಿಗೂ ಕೇಳಿಸಿತು.

"ಬಿಡ್ತು" ಎಂದ. ಬಂದೂಕು ನಿಂತಿದ್ದ ಹಾಗೆಯೇ ಕೈಹಿಡಿಯನ್ನು ಕೆಳಕ್ಕೆ ಎಳೆದು ಮೇಲಕ್ಕೆ ನೂಕಿದ. ಹೊರಗೆ ಏನೂ ಬೀಳಲಿಲ್ಲ. ನಳಿಗೆಯ ಬಾಯಿ ಅವನ ಗದ್ದದ ಪಕ್ಕದಲ್ಲಿತ್ತು. ಅದನ್ನು ಬೇಕೆಂದೇ ಗೋಡೆಯ ಕಡೆ ವಾಲಿಸಿ, ಬಗ್ಗಿ, ಟ್ರಿಗರ್ ಒತ್ತಿದ. ಪೊಳ್ಳು ತೋಟಾದ ಬೆನ್ನಿಗೆ ಸೂಜಿ ಬಡಿದು ಕಟಕ್ ಎಂದಿತು.

ಆದಿನಾರಾಯಣನ ಮುಖ ಬಿಳಿಚಿತ್ತು. "ನಾವೂ ಹಿಂಗೇ ಮಾಡೋದು" ಎಂದ. "ಖಾಲಿ ಮಾಡಿದ ಮ್ಯಾಲೆ ಇನ್ನೊಂದ್ಸಲ ಎಳೆದು, ಸ್ಪ್ರಿಂಗ್ ಬಿಗಿ ಇರಬಾರದಂತ ಟ್ರಿಗರ್ ಒತ್ತೋದು. ಸೈನ್ಯದಾಗೆ ಕಲಿಸೋದೇ ಅದು. ಕೈಗೆ ರೂಢಿ."

"ಸಾಯೋಕೆ ಹೋಗೋನು ತೋಟಾ ತೆಗೆದು ಟವೆಲ್ ಮ್ಯಾಲೆ ಜೋಡಿಸಿಕ್ಕಲ್ಲ ಕಣಣ್ಣ" ಎಂದ ಬೊಮ್ಮಪ್ಪ. "ನಿನ್ನ ಮಗ ಬಂದೂಕು ಖಾಲಿ ಮಾಡ್ತಿದ್ದ. ಖಾಲಿ ಆಯ್ತು ಅಂದ್ಕಂಡ. ಅಷ್ಟೇ ಆಗಿರೋದು."

ಸಂಧ್ಯಾ ನೆಲದ ಮೇಲೆ ಕುಳಿತುಬಿಟ್ಟಳು. ಅತ್ತಳು. ಹತ್ತು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದೆ, ಆದರೆ ಈ ಅಳು ಬೇರೆ. "ಬಿಟ್ಟು ಹೋಗಿಲ್ಲ ಮಾವಾ, ಅವರು ನಮ್ಮನ್ನ ಬಿಟ್ಟು ಹೋಗಿಲ್ಲ" ಎಂದು ನನ್ನ ಪಾದ ಹಿಡಿದುಕೊಂಡಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಆಂಜನೇಯಾ, ಎಡೆ ಇಡಬಹುದು, ನನ್ನ ಮಗನಿಗೆ ಎಡೆ ಇಡಬಹುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನನ್ನ ನಾಲಿಗೆಯ ಮೇಲಿನ ಭಾರ ಇಳಿದ ಹಾಗಾಯಿತು. ಒಂದು ಗಳಿಗೆ, ದೇವರು ಮೆಚ್ಚಲಿ, ನಾನು ಸಂತೋಷಪಟ್ಟೆ.

ಅಷ್ಟರಲ್ಲಿ ಬೊಮ್ಮಪ್ಪ ಕೊಳವೆಯನ್ನು ಬಿಚ್ಚಿ ಸ್ಪ್ರಿಂಗ್ ಹೊರಗೆಳೆದಿದ್ದ. ತೋಟಾಗಳನ್ನು ಹಿಂದಿನಿಂದ ತಳ್ಳುವ ಬಿಲ್ಲೆಯೊಂದು ಅದರ ತುದಿಯಲ್ಲಿತ್ತು. ಬಿಲ್ಲೆಯ ಸುತ್ತ ಕೆಂಪು ಮೇಣದಂಥ ಜಿಡ್ಡು ಮೆತ್ತಿಕೊಂಡಿತ್ತು. ಅದನ್ನು ಕಾಗದದ ಮೇಲೆ ಕೆರೆದು ಹಾಕಿದ. ಕುಂಕುಮ, ಗಂಧ, ಎಣ್ಣೆ, ಎಲ್ಲ ಕಲೆತು ಗಟ್ಟಿಯಾಗಿತ್ತು. ಅದರ ನಡುವೆ ಅಕ್ಕಿಕಾಳೊಂದು. ಬೊಮ್ಮಪ್ಪ ಇಕ್ಕಳದಲ್ಲಿ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಅರಿಶಿನದ ಬಣ್ಣ ಇನ್ನೂ ಇತ್ತು.

"ಅಕ್ಷತೆ" ಎಂದ. "ಬಿಲ್ಲೆಗೂ ಕೊಳವೆಗೂ ಮಧ್ಯೆ ಸಿಕ್ಕಂಡೈತೆ. ಯಾರೋ ಆಯುಧ ಪೂಜೆಲಿ ಬಾಯಿಗೇ ಎಣ್ಣೆ ಹುಯ್ದವ್ರೆ. ಮೊದ್ಲು ಎಣ್ಣೆ ಹಸಿ ಇರ್ತದೆ, ಜಾರ್ತದೆ, ತೊಂದ್ರೆ ಕಾಣಲ್ಲ. ದಿನ ಹೋದಂಗೆ ಕುಂಕುಮ ಎಣ್ಣೆ ಹೀರ್ಕಂಡು ಅಂಟಾಯ್ತದೆ. ಬಾಯಿ ಹತ್ರ ಅಂಟು ಜಾಸ್ತಿ. ಅದಕ್ಕೇ ಕಡೇ ತೋಟಾನೇ ನಿಲ್ಲೋದು."

ಸಂಧ್ಯಾಳ ಅಳು ನಿಂತಿತು. ನನ್ನ ಪಾದದ ಮೇಲಿನ ಅವಳ ಕೈ ಹಾಗೆಯೇ ಇತ್ತು. ಆಮೇಲೆ ಮೆಲ್ಲಗೆ ಅದನ್ನು ತೆಗೆದಳು.

ಆ ಮಹಾನವಮಿಯ ದಿನ ತಟ್ಟೆ ಹಿಡಿದು ನಿಂತವಳು ಅವಳೇ. ಗಂಧ ತೇಯ್ದವಳು ಉಜ್ಜಿನಮ್ಮ. ಪೂಜೆ ಮಾಡಿದವನು ನಾನು. ಕುಡಗೋಲು, ಕತ್ತರಿ, ಸಂಧ್ಯಾಳ ಹೊಲಿಗೆ ಮೆಷಿನ್ನು, ಮಾರೇಶನ ಬೈಕು, ಕೊನೆಗೆ ಮಣೆಯ ಮೇಲೆ ಬಂದೂಕು. ಅದು ಉರುಳದಿರಲೆಂದು ಹೊಟ್ಟೆ ಮೇಲಾಗಿ ಮಲಗಿಸಿದ್ದೆ. ತೋಟಾ ತುಂಬುವ ಬಾಯಿ ಮೇಲೆಯೇ ತೆರೆದಿತ್ತು. ಗಂಧ ಕುಂಕುಮ ಹಚ್ಚಿ, ಪ್ರತಿ ವರ್ಷದ ಹಾಗೆ ಅಷ್ಟಕ್ಕೇ ಬಿಡದೆ, ಉದ್ಧರಣೆಯಿಂದ ಎಣ್ಣೆ ತೆಗೆದು ಆ ಬಾಯಿಗೆ ಮೂರು ಸಲ ಬಿಟ್ಟೆ.

"ಅಪ್ಪಾ, ಒಳಗ ಬ್ಯಾಡ. ಇದಕ್ಕ ಬ್ಯಾರೆ ಎಣ್ಣಿ ಐತಿ" ಎಂದಿದ್ದ ಮಾರೇಶ.

"ಸುಮ್ನಿರೋ. ಗಾಡಿ ಅಚ್ಚಿಗೆ ಹಾಕಂಗಿಲ್ಲೇನು? ದೇವರ ಎಣ್ಣಿ ಕಬ್ಬಿಣಕ್ಕ ಏನು ಮಾಡೀತು?" ಎಂದು ಅಕ್ಷತೆ ಹಾಕಿದೆ. ಅವನು ನಗುತ್ತ ಕೈಮುಗಿದ. ಸಂಜೆ ಬಟ್ಟೆ ತೆಗೆದುಕೊಂಡು ಬಂದೂಕು ಬಿಚ್ಚಲು ಕುಳಿತಾಗ ನಾನೇ ತಡೆದೆ. "ದೀಪಾವಳಿ ಆಗೂ ತನಕ ಒರಸಬ್ಯಾಡ. ಪೂಜಿ ಮಾಡಿದ್ದನ್ನ ಅದೇ ದಿನ ಒರಸಿದ್ರ ದೇವರನ್ನ ಎಬ್ಬಿಸಿ ಕಳಿಸಿದಂಗ."

"ಆತಪ್ಪಾ" ಎಂದ. ಸೈನ್ಯದಲ್ಲಿ ದಿನವೂ ಬಂದೂಕು ಬಿಚ್ಚಿ ಒರೆಸಿದವನು, ನಾನು ಹೇಳಿದ್ದಕ್ಕೆ ಹನ್ನೆರಡು ದಿನ ಹೊರಗಿನಿಂದ ಮಾತ್ರ ಒರೆಸಿದ.

ಅವನು ಸತ್ತ ಮೇಲೆ ಹತ್ತು ತಿಂಗಳು ನನ್ನ ನಾಲಿಗೆಯನ್ನು ಶಪಿಸಿಕೊಂಡಿದ್ದೆ. ನನ್ನ ಕೈಯ ಕಡೆ ಒಮ್ಮೆಯೂ ನೋಡಿರಲಿಲ್ಲ. ಆ ಕೈಯಿಂದಲೇ ದಿನವೂ ದೀಪ ಹಚ್ಚಿದ್ದೆ.

"ನಾನ ಹಾಕಿದ್ದು" ಎಂದೆ.

ಬೊಮ್ಮಪ್ಪ ಕಾಗದವನ್ನು ಮಡಚುತ್ತಿದ್ದವನು ನಿಂತ. "ಏನಣ್ಣ?"

"ಎಣ್ಣಿ ಹಾಕಿದೋನು ನಾನು. ಅಕ್ಷತೆ ಹಾಕಿದೋನು ನಾನು. ಅವ ಬ್ಯಾಡ ಅಂದ. ಒರಸ್ತೀನಿ ಅಂದ. ನಾನ ಬಿಡಲಿಲ್ಲ."

ಪಕ್ಕದ ಮಳಿಗೆಯಲ್ಲಿ ಗೂಡು ಸುರಿಯುವ ಸದ್ದು ಕೇಳಿಸುತ್ತಿತ್ತು. ನಾನು ಸಂಧ್ಯಾಳ ಮುಖ ನೋಡಲು ಪ್ರಯತ್ನಿಸಿದೆ, ಆಗಲಿಲ್ಲ. ಅವಳೇ ಮೊದಲು ಬಾಯಿ ತೆರೆದಳು. ನನ್ನ ಜೊತೆ ಅಲ್ಲ, ಬೊಮ್ಮಪ್ಪನ ಜೊತೆ.

"ಇದನ್ನ ಒಂದು ಹಾಳಿ ಮ್ಯಾಲೆ ಬರದು ಕೊಡ್ರಿ. ನಿಮ್ಮ ಸೀಲು ಹಾಕಿ. ನನ್ನ ಮಗಳು ರೇವತಿಗೆ ಶಾಲಿಯಾಗ ಹುಡುಗ್ರು ಅಂತಾರ, ನಿಮ್ಮಪ್ಪ ಹೊಡಕಂಡು ಸತ್ತ ಅಂತ. ಅವಳಿಗೆ ಬೇಕು. ಕುಲದ ದೊಡ್ಡೋರಿಗೂ ತೋರಸಬೇಕು."

"ಬರಕೊಡಬೈದು ತಾಯಿ. ಆದ್ರೆ ನನ್ ಕಾಗದಕ್ಕೆ ಮುಗಿದ ಕೇಸು ತಿರುಗಲ್ಲ."

"ಕೇಸು ತಿರುಗೋದು ಬ್ಯಾಡ ರೀ."

ಬೊಮ್ಮಪ್ಪ ಅಂಗಡಿಯ ಹೆಸರಿನ ಹಾಳೆ ತೆಗೆದು ತೆಲುಗಿನಲ್ಲಿ ಬರೆಯತೊಡಗಿದ. ಬಂದೂಕಿನ ನಂಬರು, ಲೈಸೆನ್ಸ್ ನಂಬರು, ಮೂರು ತೋಟಾ ಹಾಕಿ ಪರೀಕ್ಷಿಸಿದ್ದು, ಒಂದು ಒಳಗೇ ಸಿಕ್ಕಿಕೊಂಡದ್ದು. ಬರೆಯುತ್ತ ಒಂದು ಕಡೆ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಕೊಳವೆಯಲ್ಲಿ ಕೊಳೆ ಸೇರಿದ್ದರಿಂದ ಅಂತ ಹಾಕ್ತೀನಣ್ಣ. ಅಷ್ಟು ಸಾಕು."

ಅವನು ನನ್ನ ಮೇಲೆ ಕರುಣೆಯಿಂದಲೇ ಹೇಳಿದ್ದು. ಕೊಳೆ ಎಂದರೆ ಯಾರದ್ದೂ ಆಗುವುದಿಲ್ಲ. ಬಂದೂಕಿನದ್ದೇ ಆಗುತ್ತದೆ, ಇಲ್ಲವೆ ಬಂದೂಕನ್ನು ಒರೆಸದ ಮಾರೇಶನದ್ದು. ಅವನ ಮೇಲೆ ಒಂದು ತಪ್ಪು ಹೊರಿಸಿ ಹತ್ತು ತಿಂಗಳಾಗಿತ್ತು, ಇನ್ನೊಂದನ್ನು ಹೊರಿಸಲಾರದೆ ಹೋದೆ.

"ಕೊಳೆ ಅಲ್ಲ. ಪೂಜಿಯ ಎಣ್ಣಿ, ಕುಂಕುಮ, ಅಕ್ಷತೆ ಅಂತ ಬರೀರಿ. ಹಾಕಿದೋನು ತಂದೆ ಸಂಜೀವಪ್ಪ ಅಂತಾನೂ ಬರೀರಿ."

"ಅದೆಲ್ಲ ಯಾಕಣ್ಣ? ನಾಳೆ ಯಾರಾರ ಓದಿದ್ರೆ..."

"ಓದಲಿ. ಒರಸಾಕ ಹೋದೋನನ್ನ ತಡದೋನೂ ತಂದೇನ ಅಂತ ಬರೀರಿ."

ಬೊಮ್ಮಪ್ಪ ಸಂಧ್ಯಾಳನ್ನು ನೋಡಿದ. ಅವಳು ಹೌದೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಅವನು ಬರೆದ. ನಾನು ಕೆಳಗೆ ರುಜು ಹಾಕಿದೆ. ಸಾಕ್ಷಿಗೆ ಆದಿನಾರಾಯಣ ಹಾಕಿದ.

ಆಮೇಲೆ ಬೆಲೆಯ ಮಾತು. ಬೊಮ್ಮಪ್ಪ ಟವೆಲನ್ನು ಹೆಗಲ ಮೇಲಿಂದ ತೆಗೆಯಲೇ ಇಲ್ಲ. ಬಾಯಲ್ಲೇ ಹೇಳಿದ. "ಜಿಡ್ಡು ತೆಗೆದ್ರೆ ಬಂದೂಕಿಗೆ ಏನೂ ಐಬಿಲ್ಲ. ಆರು ವರ್ಷದ್ದು, ಕೈಯಾಗೆ ಚೆನ್ನಾಗಿ ಆಡಿರೋದು. ನಲವತ್ತಮೂರು. ಕೊಳವೆ ತೊಳೆದು ಹೊಸ ಸ್ಪ್ರಿಂಗ್ ಹಾಕಕೆ ಒಂದು ಸಾವ್ರ ಕಳೀರಿ. ನಲವತ್ತೆರಡು. ಕುರಿ ಆದ್ರೂ ಇಷ್ಟೇ, ಬಂದೂಕಾದ್ರೂ ಇಷ್ಟೇ, ಇದು ನ್ಯಾಯ."

"ಒಪ್ದೆ" ಎಂದ ಆದಿನಾರಾಯಣ. "ನನಗೀಗ ಅಂಜಿಕೆ ಇಲ್ಲ. ಮಂಜುಳಗೂ ಹೇಳ್ತೀನಿ. ಸಾವು ಬಂದೂಕಿನದ್ದಲ್ಲ, ಅದು..." ಎಂದವನು ನನ್ನ ಮುಖ ನೋಡಿ ಮಾತು ನುಂಗಿದ. ನಾನೇ ಅವನ ಮಾತನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡೆ.

ದುಡ್ಡು ಸಂಧ್ಯಾಳ ಕೈಗೆ ಬಂತು. ಅಧಿಕಾರಿಗಳ ಕಾಗದಗಳಿಗೆ ಅವಳೂ ನಾನೂ ರುಜು ಹಾಕಿದ್ದಾಯಿತು. ಹೊರಡುವಾಗ ಆದಿನಾರಾಯಣ ಜಾಲರಿ ಬಾಗಿಲ ಬಳಿ ನನ್ನನ್ನು ತಡೆದು, ತಗ್ಗಿದ ದನಿಯಲ್ಲಿ ಕೇಳಿದ. "ಯಜಮಾನ್ರೆ, ಈ ಸಲ ಆಯುಧ ಪೂಜೆಗೆ ಇದನ್ನ ಇಕ್ಕದಾ ಬ್ಯಾಡ್ವಾ? ನೀವು ದೊಡ್ಡೋರು, ತಿಳಿದೋರು."

ತಿಳಿದೋರು ಎಂಬ ಮಾತು ಎದೆಗೆ ತಾಗಿತು. "ಒರಸಿ, ಬಾಯಿ ಮುಚ್ಚಿ, ಮ್ಯಾಲೆ ಒಂದು ಹೂವು ಇಡಪ್ಪ. ಅಷ್ಟ. ಆಮ್ಯಾಲೆ ಅದೇ ದಿನ ಮತ್ತ ಬಿಚ್ಚಿ ಒರಸು. ಯಾರು ಬ್ಯಾಡ ಅಂದ್ರೂ ಕೇಳಬ್ಯಾಡ. ಅಪ್ಪ ಅಂದ್ರೂ ಕೇಳಬ್ಯಾಡ."

ಬಸ್ಸಿನಲ್ಲಿ ಸಂಧ್ಯಾ ಕಿಟಕಿಯ ಪಕ್ಕ ಕುಳಿತಳು, ನಾನು ಆಚೆ ತುದಿಗೆ. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ಬೆಳಿಗ್ಗೆ ಹೋಗುವಾಗ ಅದು ಇರಲಿಲ್ಲ. ಕಲ್ಯಾಣದುರ್ಗ ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ, "ತಟ್ಟಿ ಹಿಡದೋಳು ನಾನು. ಅವರು ಬ್ಯಾಡ ಅಂದಾಗ ನಾನೂ ನಕ್ಕೆ" ಎಂದಳು. ಅದು ನನಗೆ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ.

ಮನೆಗೆ ಬಂದಾಗ ಉಜ್ಜಿನಮ್ಮ ಬಾಗಿಲಲ್ಲೇ ಇದ್ದಳು. "ಎಷ್ಟಕ್ಕ ಹೋತು?" ಎಂದು ಸಂಧ್ಯಾಳನ್ನು ಕೇಳಿದಳು. ಸಂಧ್ಯಾ ನನ್ನ ಕಡೆ ನೋಡಿದಳು. ಉಜ್ಜಿನಮ್ಮನಿಗೆ ತೆಲುಗು ಮಾತು ಬರುತ್ತದೆ, ಓದಲು ಬರುವುದಿಲ್ಲ. ದೇವರ ಗೂಡಿನ ಮುಂದೆ ಅವಳನ್ನು ಕೂರಿಸಿ, ಬೊಮ್ಮಪ್ಪ ಬರೆದುಕೊಟ್ಟ ಹಾಳೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ನಿಧಾನವಾಗಿ, ಒಂದು ಅಕ್ಷರ ಬಿಡದೆ ಓದಿದೆ. ಮಾರೇಶ ತಾನಾಗಿ ಹೊಡೆದುಕೊಳ್ಳಲಿಲ್ಲ ಎಂಬಲ್ಲಿ ಅವಳು ಎರಡೂ ಕೈ ಎತ್ತಿ ಮುಗಿದಳು. ಎಣ್ಣೆ, ಕುಂಕುಮ, ಅಕ್ಷತೆ ಎಂಬಲ್ಲಿ ಮುಗಿದ ಕೈ ಹಾಗೆಯೇ ನಿಂತಿತು. ನನ್ನ ಹೆಸರನ್ನು ಓದಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು.

ಮರುದಿನ ಹಾಳೆಯನ್ನು ಕುಲದ ದೊಡ್ಡವರ ಮುಂದೆಯೂ ಓದಿದೆ. ಎಡೆ ಇಡಬಹುದು ಎಂದರು. ನನ್ನ ವಿಷಯಕ್ಕೆ ಯಾರೂ ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಅಮಾವಾಸ್ಯೆಯ ದಿನ ಬಾಳೆಲೆಗಳು ಸಾಲಾಗಿ ಬಿದ್ದವು. ನನ್ನ ಅಪ್ಪನದು, ಅಜ್ಜನದು, ತಮ್ಮನದು, ಕೊನೆಯಲ್ಲಿ ಮಾರೇಶನದು. ಅವನಿಗೆ ಇಷ್ಟವಾದ ಅಲಸಂದಿ ವಡೆ ಉಜ್ಜಿನಮ್ಮ ಮಾಡಿದ್ದಳು. ಅವನ ಸೈನ್ಯದ ಬಟ್ಟೆ ಇಸ್ತ್ರಿ ಮಾಡಿ ಎಲೆಯ ಹಿಂದೆ ಇಟ್ಟಿದ್ದಳು. ದೀಪ ಹಚ್ಚುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಕಂಬದ ದೀಪಕ್ಕೆ ಕಡಲೆಕಾಯಿ ಎಣ್ಣೆ. ಬತ್ತಿ ಹಾಕಿ, ಎಣ್ಣೆಯ ಗಿಂಡಿ ಎತ್ತಿದೆ. ಗಿಂಡಿಯ ಬಾಯಿಂದ ಎಣ್ಣೆ ಇಳಿಯುವುದಕ್ಕೆ ಮೊದಲೇ ಕೈ ನಿಂತಿತು. ಬಗ್ಗಿಸಲು ಆಗಲಿಲ್ಲ. ಎಲೆಗಳ ಮುಂದೆ ಎಲ್ಲರೂ ಕೈಮುಗಿದು ಕಾಯುತ್ತಿದ್ದರು. ರೇವತಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಸಂಧ್ಯಾ ಎದ್ದು ಬಂದು ನನ್ನ ಕೈಯಿಂದ ಗಿಂಡಿ ತೆಗೆದುಕೊಂಡಳು. ದೀಪಕ್ಕೆ ಎಣ್ಣೆ ಹಾಕಿದಳು. ಬೆಂಕಿಕಡ್ಡಿಯನ್ನೂ ತಾನೇ ಗೀರಿದಳು. ಆಮೇಲೆ ನನ್ನ ಕಡೆ ತಿರುಗದೆ, ಸೆರಗಿನಿಂದ ಗಿಂಡಿಯ ಬಾಯಿ ಒರೆಸಿ ಗೂಡಿನಲ್ಲಿಟ್ಟಳು.

"ಕುಂದರ್ರಿ ಮಾವಾ" ಎಂದಳು.